ಏಡಿ ತಿಂದ ಮೂಲೆ

ನನ್ನ ಗಂಟಲಿನ ಬಗ್ಗೆ ನನಗೆ ಬಹಳ ಜಂಬವಿತ್ತು. ಅರಕಲಗೂಡಿನ ಸ್ಕೂಲಿನಲ್ಲಿ ದಿನಾ ಪ್ರಾರ್ಥನೆ ಹೇಳಿಸುತ್ತಿದ್ದವನು ನಾನೇ. ನಾಟಕ ಆಡಿದರೆ ರಾಜನ ಪಾರ್ಟು ನನಗೇ. ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂರುವಷ್ಟು ಜೋರಾಗಿ ಕೂಗಬಲ್ಲೆ ಎಂಬುದೇ ನನ್ನ ವಿದ್ಯೆ. ಅದೇ ಊರಿನ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ನಮ್ಮಪ್ಪ, "ಇವನಿಗೆ ಬಾಯಿ ಕೊಟ್ಟಷ್ಟು ಧಾರಾಳವಾಗಿ ದೇವರು ಕಿವಿ ಕೊಡಲಿಲ್ಲ" ಎನ್ನುತ್ತಿದ್ದರು. ಅದನ್ನೂ ನಾನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಐವತ್ತರ ದಶಕದ ಕೊನೆಯಲ್ಲಿ ಗ್ರಾಮಸೇವಕನ ಕೆಲಸ ಸಿಕ್ಕಿತು. ರೈತರಿಗೆ ಹೊಸ ಬೇಸಾಯ ಕಲಿಸುವ ಕೆಲಸ. ಹೊಳೆನರಸೀಪುರ ತಾಲ್ಲೂಕಿನಲ್ಲಿ, ಹೇಮಾವತಿ ಕಾಲುವೆಯ ಬಯಲಿನ ಒಂದು ಹಳ್ಳಿಗೆ ನನ್ನನ್ನು ಹಾಕಿದರು. ಒಂದು ಸೈಕಲ್ಲು, ಒಂದು ಚರ್ಮದ ಚೀಲ, ಚೀಲದ ತುಂಬ ಬಣ್ಣಬಣ್ಣದ ಚಿತ್ರಗಳು. ಆಗ ಎಲ್ಲೆಲ್ಲೂ ಜಪಾನ್ ಪದ್ಧತಿಯ ಭತ್ತದ ಮಾತು. ಬೀಜವನ್ನು ಉಪ್ಪುನೀರಿಗೆ ಹಾಕಿ ತೇಲಿದ್ದನ್ನು ತೆಗೆದು ಎಸೆಯಬೇಕು, ಗೇಣಿಗೊಂದು ಗಂಟು ಹಾಕಿದ ಹಗ್ಗ ಹಿಡಿದು ಸಾಲಾಗಿ ನೆಡಬೇಕು, ಒಂದೊಂದು ಗಂಟಿನ ಹತ್ತಿರ ಮೂರೇ ಸಸಿ. ನಮ್ಮ ಕಡೆ ಹಿಂದಿನಿಂದ ಬಂದದ್ದು ಹಿಡಿ ಹಿಡಿ ಸಸಿಯನ್ನು ಕಣ್ಣಳತೆಯಲ್ಲಿ ಒತ್ತೊತ್ತಾಗಿ ನೆಡುವ ಕ್ರಮ. ಮೂರೇ ಸಸಿ ಎಂದರೆ ಜನ ನಗುತ್ತಿದ್ದರು.

ನಗುವವರ ಬಾಯಿ ಮುಚ್ಚಿಸಲು ಹಾಸನದಿಂದ ಪ್ರಚಾರದ ಸಾಹೇಬರು ಬರುತ್ತಿದ್ದರು. ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು, ಕಾಲಿಗೆ ಬೂಟು, ಜೊತೆಗೊಂದು ಜೀಪು. ಜೀಪಿನ ತಲೆಯ ಮೇಲೆ ಉಮ್ಮತ್ತಿ ಹೂವಿನ ಆಕಾರದ ಸ್ಪೀಕರು. ಮೊದಲನೇ ದಿನವೇ ನನ್ನ ಗಂಟಲು ಕೇಳಿ ಸಾಹೇಬರು ಮೈಕನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ನನಗೆ ಸ್ವರ್ಗ ಮೂರೇ ಗೇಣು. "ರೈತ ಬಾಂಧವರೇ, ಜಪಾನ್ ಪದ್ಧತಿ ಅನುಸರಿಸಿ, ಎರಡರಷ್ಟು ಬೆಳೆಯಿರಿ!" ಎಂದು ಬಯಲಿನ ಹತ್ತು ಹಳ್ಳಿ ಕೇಳುವಂತೆ ಕೂಗಿದೆ. ಕೂಗಿ ಮುಗಿಯುವಷ್ಟರಲ್ಲಿ ಜೀಪು ಮುಂದಿನ ಊರಿನಲ್ಲಿರುತ್ತಿತ್ತು. ಯಾರಾದರೂ ಏನಾದರೂ ಕೇಳಬೇಕೆಂದರೆ ಜೀಪಿನ ಹಿಂದೆ ಓಡಬೇಕಾಗಿತ್ತು. ಯಾರೂ ಓಡಲಿಲ್ಲ.

ಆ ವರ್ಷ ರಸ್ತೆ ಬದಿಯಲ್ಲಿ, ಊರಿನ ದೊಡ್ಡ ರೈತರೊಬ್ಬರ ಒಂದು ತಾಕನ್ನು ಮಾದರಿ ಗದ್ದೆ ಎಂದು ಆರಿಸಿದೆವು. ಬೋರ್ಡು ನೆಟ್ಟೆವು. ಪೈರು ತಕ್ಕಮಟ್ಟಿಗೆ ಬಂತು. ಆದರೆ ನಾವು ಕೂಗಿದಷ್ಟು ಬರಲಿಲ್ಲ. ಅಲ್ಲಲ್ಲಿ ಸಂದಿ ಬಿಟ್ಟು ಬೆಳೆದಿತ್ತು. ಕಟಾವಿಗೆ ಒಂದು ವಾರವಿರುವಾಗ, ಬೆಂಗಳೂರಿನಿಂದ ಬಹಳ ದೊಡ್ಡವರು ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಸಾಹೇಬರು ಗದ್ದೆಯ ಬದುವಿನ ಮೇಲೆ ನಿಂತು ಹುಬ್ಬು ಗಂಟಿಕ್ಕಿದರು.

"ಏನ್ರೀ ಇದು, ಬಾಚಣಿಗೆ ಹಲ್ಲು ಮುರಿದ ಹಾಗಿದೆ. ಹಿಂದಿನ ಗದ್ದೆಯಿಂದ ಬಲಿತ ಪೈರನ್ನು ಬುಡಸಮೇತ ಕೀಳಿಸಿ ಈ ಸಂದಿಗಳಿಗೆ ತುಂಬಿಸಿ. ನೀರು ಕಟ್ಟಿದರೆ ನಾಲ್ಕು ದಿನ ನಿಲ್ಲುತ್ತೆ."

ನಾನು ಹೂಂ ಎಂದೆ. ಇವತ್ತು ಹೇಗೆ ಹೂಂ ಎಂದೆನೋ ಗೊತ್ತಿಲ್ಲ, ಅವತ್ತು ಮಾತ್ರ ಬಹಳ ಸಲೀಸಾಗಿ ಎಂದೆ. ಊರಿನ ನಾಟಿ ಹೆಂಗಸರನ್ನು ಕರೆಸಿದೆ. ಅವರ ಮುಂದಾಳು ಒಬ್ಬ ಗಂಡ ಸತ್ತ ಹೆಂಗಸು, ಐವತ್ತರ ಆಸುಪಾಸು. ಊರಾಚೆಯ ಕೇರಿಯವಳು. ಅವಳ ಗಂಡ ಕಾಲುವೆಯ ನೀರುಗಂಟಿಯಾಗಿದ್ದವನು, ಯಾರ ಗದ್ದೆಗೆ ಎಷ್ಟು ನೀರು ಎಂದು ತೂಬು ತಿರುಗಿಸಿ ಬಿಡುತ್ತಿದ್ದವನು. ಆ ಚಾಕರಿಗೆ ಬಂದ ಹತ್ತು ಗುಂಟೆ ಗದ್ದೆ ಕಾಲುವೆಯ ಕೊನೆಯಲ್ಲಿ ಅವಳಿಗಿತ್ತು. ಊರಿನವರೆಲ್ಲ ಅವಳನ್ನು ನಾಟಿಯವ್ವ ಎನ್ನುತ್ತಿದ್ದರು. ನಾನೂ ಅವ್ವ ಎಂದೇ ಕರೆಯುತ್ತಿದ್ದೆ.

ನಾಟಿ ಎಂದರೆ ನಮ್ಮ ಕಡೆ ಹಾಡಿಲ್ಲದೆ ನಡೆಯುವುದಿಲ್ಲ. ಒಬ್ಬಳು ಎತ್ತಿಕೊಡಬೇಕು, ಉಳಿದವರು ಸೊಲ್ಲು ಹಿಡಿಯಬೇಕು, ಬಗ್ಗಿದ ಬೆನ್ನಿಗೆ ಹೊತ್ತು ಹೋದದ್ದು ತಿಳಿಯಬಾರದು. ಅವತ್ತು ಒಬ್ಬರೂ ಹಾಡಲಿಲ್ಲ. ತೆನೆ ಬಲಿತು ತಲೆಬಾಗಿದ ಪೈರನ್ನು ಮಣ್ಣುಸಮೇತ ಎತ್ತಿ ತಂದು ಸುಮ್ಮನೆ ನೆಟ್ಟರು. ಕೆಲಸ ಮುಗಿಸಿ ಕಾಲುವೆಯಲ್ಲಿ ಕಾಲು ತೊಳೆಯುತ್ತ ನಾಟಿಯವ್ವ ಒಂದೇ ಒಂದು ಮಾತು ಹೇಳಿದಳು.

"ಕಟಾವು ಮಾಡೋ ಕಾಲ್ದಾಗೆ ನಾಟಿ ಮಾಡಿದ್ದು ನಾನು ಉಟ್ದಾಗ್ನಿಂದ ಇದೇ ಮೊದ್ಲು ಕಣ್ಸಾ."

ದೊಡ್ಡವರು ಬಂದರು, ನೋಡಿದರು, ತಲೆದೂಗಿದರು. ತಾಕಿನಲ್ಲಿ ಬಹಳ ದಟ್ಟವಾಗಿದ್ದ ಒಂದು ತುಂಡನ್ನು ಆರಿಸಿ ಕೊಯ್ದು ತೂಕ ಮಾಡಿದರು. ನಾನು ಆ ತೂಕವನ್ನು ಇಡೀ ಎಕರೆಗೆ ಹಿಗ್ಗಿಸಿ ಮೈಕಿನಲ್ಲಿ ಕೂಗಿದೆ. ಊರೆಲ್ಲ ಚಪ್ಪಾಳೆ ತಟ್ಟಿತು. ನಾಟಿಯ ಹೆಂಗಸರೂ ಕೈಯಲ್ಲಿದ್ದ ಕೆಸರು ಒರೆಸಿಕೊಂಡು ತಟ್ಟಿದರು. ಸಾಹೇಬರು ನನ್ನ ಬೆನ್ನು ಚಪ್ಪರಿಸಿ, "ನೋಡಿದ್ರೇನ್ರೀ, ಇದು ಪ್ರಚಾರ!" ಎಂದರು.

ಮುಂದಿನ ಮಳೆಗಾಲ ಬಂತು. ಹೊಸ ಪದ್ಧತಿಗೆ ಹೆಸರು ಕೊಡಿ ಎಂದು ಮನೆಮನೆ ಬಾಗಿಲಿಗೂ ಹೋದೆ. ಕುಳಿತುಕೊಳ್ಳಲು ಮಣೆ ಕೊಟ್ಟರು, ಕುಡಿಯಲು ಮಜ್ಜಿಗೆ ಕೊಟ್ಟರು, ಹೆಸರು ಮಾತ್ರ ಯಾರೂ ಕೊಡಲಿಲ್ಲ. "ನೋಡಾನ ತಗಳಿ ಸಾ" ಎನ್ನುವರು. ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ ಊರು ಒಂದು ಹಿಡಿ ಬೀಜವನ್ನೂ ನನ್ನ ಉಪ್ಪುನೀರಿಗೆ ಹಾಕಲಿಲ್ಲ. ಚಪ್ಪಾಳೆ ತಟ್ಟಿದ್ದು ನಾಟಕ ಚೆನ್ನಾಗಿದೆ ಎಂದೇ ಹೊರತು, ಗದ್ದೆ ಚೆನ್ನಾಗಿದೆ ಎಂದಲ್ಲ. ಇಷ್ಟು ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು ನೋಡಿ.

ಹಬ್ಬಕ್ಕೆಂದು ಅರಕಲಗೂಡಿಗೆ ಹೋದಾಗ ನಮ್ಮ ಮನೆಯ ಜಗಲಿಯಲ್ಲಿ ಬಳೆಗಾರ ಕುಳಿತಿದ್ದ. ನಾನು ಚಿಕ್ಕವನಿದ್ದಾಗಿನಿಂದ ಬರುತ್ತಿದ್ದ ಮುದುಕ. ಅಮ್ಮ ಮಿರಿಮಿರಿ ಮಿಂಚುವ ಒಂದು ಜೊತೆ ಬಳೆಗೆ ಕೈ ಹಾಕಿದರು. "ಅದು ಬ್ಯಾಡಿ ತಾಯಿ, ಎಲ್ಡು ದಿನ ಪಾತ್ರೆ ಉಜ್ಜಿದ್ರೆ ಬಣ್ಣ ಓಯ್ತದೆ" ಎಂದು ಅವನೇ ಅದನ್ನು ಕಿತ್ತಿಟ್ಟುಕೊಂಡು, ಬೇರೆ ಜೊತೆ ತೆಗೆದ. ಅಮ್ಮನ ಕೈಯನ್ನು ಮೆಲ್ಲಗೆ ಹಿಡಿದು, ಗಂಟು ಒತ್ತಿ, ನೋವಾಗುತ್ತದೇನೋ ಎಂದು ಅವರ ಮುಖ ನೋಡುತ್ತ ತೊಡಿಸಿದ. ಅಮ್ಮ ಕೇಳಿದ್ದಕ್ಕಿಂತ ಎರಡು ಹೆಚ್ಚೇ ತೊಡಿಸಿಕೊಂಡರು. ನಾನು ಕಂಬಕ್ಕೆ ಒರಗಿಕೊಂಡು ನೋಡುತ್ತಿದ್ದೆ. ಈ ಮುದುಕನೂ ಬಳೆ ಕೊಳ್ಳಿ ಎಂದು ಒಪ್ಪಿಸುವವನೇ, ನಾನೂ ಒಪ್ಪಿಸುವವನೇ. ಅವನು ತನ್ನ ಬುಟ್ಟಿಯಲ್ಲಿದ್ದ ಕೆಟ್ಟದ್ದನ್ನು ತಾನೇ ಎತ್ತಿ ತೋರಿಸುತ್ತಾನೆ. ಕೈ ಹಿಂದಕ್ಕೆ ಎಳೆದುಕೊಂಡರೆ ಬಿಡುತ್ತಾನೆ. ನಾನು ಯಾರ ಮುಖವನ್ನು ನೋಡಿ ಮಾತಾಡಿದ್ದೆ? ಜೀಪಿನಿಂದ ಎಲ್ಲರೂ ಬರೀ ತಲೆಗಳಾಗಿ ಕಂಡಿದ್ದರು.

ಊರಿಗೆ ವಾಪಸು ಬಂದವನೇ ನಾಟಿಯವ್ವನ ಗುಡಿಸಲಿನ ಮುಂದೆ ಹೋಗಿ ನಿಂತೆ. ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. "ಅವ್ವ, ಆ ಮಾದರಿ ಗದ್ದೆ ಸುಳ್ಳು. ಅದು ನಿನಗೂ ಗೊತ್ತು, ನನಗೂ ಗೊತ್ತು. ಆದರೆ ಪದ್ಧತಿ ಸುಳ್ಳಲ್ಲ" ಎಂದೆ.

ಅವಳು ಮೊರ ಕೆಳಗಿಟ್ಟಳು. "ಸರಿ. ಅದ್ರಾಗೆ ಏನು ಕೆಟ್ಟದ್ದದೆ, ಅದ್ನ ಮೊದ್ಲು ಏಳಿ ಸಾ."

ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ತರಬೇತಿಯಲ್ಲಿ ಅದಕ್ಕೊಂದು ಪಾಠವೂ ಇರಲಿಲ್ಲ. ನಿಧಾನವಾಗಿ ಯೋಚಿಸಿ ಯೋಚಿಸಿ ಹೇಳಿದೆ. ಹಗ್ಗ ಹಿಡಿದು ನೆಟ್ಟರೆ ಮೊದಲ ವರ್ಷ ಕೆಲಸ ನಿಧಾನ, ಬೆನ್ನು ಹೆಚ್ಚು ನೋಯುತ್ತದೆ. ಇಪ್ಪತ್ತು ದಿನ ಗದ್ದೆ ಬೋಳಾಗಿ ಕಾಣುತ್ತದೆ, ನೋಡಿದವರು ನಗುತ್ತಾರೆ. ನಡುವೆ ಜಾಗವಿರುವುದರಿಂದ ಕಳೆ ಹೆಚ್ಚು, ಎರಡು ಸಲ ಕೀಳಬೇಕು. ಮೂರೇ ಸಸಿ ಇರುವ ಕಡೆ ಏಡಿ ಕತ್ತರಿಸಿದರೆ ಅಲ್ಲಿ ಏನೂ ಉಳಿಯುವುದಿಲ್ಲ.

"ಏಡಿಗೆ ಮದ್ದು?"

"ನನಗೆ ಗೊತ್ತಿರುವ ಮದ್ದು ಯಾವುದೂ ಇಲ್ಲ ಅವ್ವ."

ಅವಳು ನಕ್ಕಳು. "ಇಷ್ಟು ದಿನಕ್ಕೆ ನಿಮ್ಮ ಬಾಯಾಗೆ ಒಂದು ನಂಬೋ ಮಾತು ಬಂತು. ಅರ್ಧ ಗದ್ದೆ ಕೊಡ್ತೀನಿ. ಅರ್ಧ ನಿಮ್ದು, ಅರ್ಧ ನಮ್ಮಪ್ಪ ಅಜ್ಜಂದು. ಆದ್ರೆ ಒಂದ್ಮಾತು ತಿಳ್ಕಳಿ. ನನ್ ಮಗಳು ಚೊಚ್ಲು ಬಸುರಿ. ಸುಗ್ಗಿ ಕಳೀತಿದ್ದಂಗೆ ಬಾಣಂತನಕ್ಕೆ ಬತ್ತಾಳೆ. ಬಾಣಂತಿಗೆ ಬಿಸಿ ಅನ್ನ ಇಕ್ಬೇಕು. ಆ ಅನ್ನ ಈ ಅತ್ತು ಗುಂಟೇಲೇ ಬರ್ಬೇಕು. ಇನ್ನೊಬ್ರ ಮನೆ ಬಾಗ್ಲಾಗೆ ಸೆರಗು ಒಡ್ಡೋಳಲ್ಲ ನಾನು."

ಗ್ರಾಮಸೇವಕನಾಗಿ ನಾನು ಎಷ್ಟೋ ಎಕರೆಗಳ ಮಾತಾಡಿದ್ದೆ. ಹತ್ತು ಗುಂಟೆಯಲ್ಲಿ ಒಬ್ಬ ಬಾಣಂತಿಯ ಅನ್ನವಿರುತ್ತದೆ ಎಂದು ಅವತ್ತೇ ನನಗೆ ಹೊಳೆದದ್ದು. ಭಯವಾಯಿತು. ಬೇಡ ಎಂದುಬಿಡಲೇ ಎಂದೂ ಅನ್ನಿಸಿತು. ಅವಳು ಮಾತ್ರ ಆಗಲೇ ಮತ್ತೆ ಮೊರ ಎತ್ತಿಕೊಂಡಿದ್ದಳು.

ಹಗ್ಗವನ್ನು ನಾನೇ ಹೊಸೆದೆ. ಗೇಣಿಗೊಂದು ಕೆಂಪು ಬಟ್ಟೆಯ ಚೂರು ಕಟ್ಟಿದೆ. ನಾಟಿಯ ದಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅವಳ ನಾದಿನಿ. ಸಾಲು ಸಾಲಾಗಿ ಮೂರು ಮೂರು ಸಸಿ. ನೆಟ್ಟು ಮೂರನೇ ದಿನಕ್ಕೇ ಆ ಅರ್ಧ ಗದ್ದೆ ಬೋಳು ಬಡಕಲಾಗಿ ಕಂಡಿತು. ಪಕ್ಕದ ಅರ್ಧದಲ್ಲಿ ಹಳೆಯ ಕ್ರಮದ ನಾಟಿ ಹಸಿರು ಕಂಬಳಿ ಹೊದ್ದು ಕುಳಿತಿತ್ತು. ಕಾಲುವೆ ಏರಿಯ ಮೇಲೆ ಹೋಗುವವರೆಲ್ಲ ನಿಂತು ಒಂದೊಂದು ಚಾಟಿ ಬೀಸಿ ಹೋಗುವರು. "ಏನವ್ವ, ಗದ್ದೆ ಮುಡಿ ಕೊಟ್ಟದಾ?"

"ಇಪ್ಪತ್ ದಿನ ಇಂಗೇ ಇರ್ತದಂತೆ. ಸೇವಕ್ರು ಮುಂಚೇನೇ ಏಳವ್ರೆ" ಎಂದು ಅವಳು ಎಲ್ಲರಿಗೂ ಅದೇ ಉತ್ತರ ಕೊಡುತ್ತಿದ್ದಳು.

ಅದೇ ಹೊತ್ತಿಗೆ ಪಕ್ಕದ ಹಳ್ಳಿಯ ಗೌಡರೊಬ್ಬರು ಜೀಪಿನ ಮೈಕು ಕೇಳಿ ಹುರುಪಿನಿಂದ ಅರ್ಧ ಎಕರೆ ಸಾಲುನಾಟಿ ಮಾಡಿಸಿದ್ದರು. ಎರಡರಷ್ಟು ಬೆಳೆ ಎಂದು ಕೇಳಿದ್ದರೇ ಹೊರತು, ಇಪ್ಪತ್ತು ದಿನದ ಬೋಳಿನ ಮಾತನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಹದಿನೈದನೇ ದಿನ ನೆಂಟರೊಬ್ಬರು ಆಡಿಕೊಂಡು ನಕ್ಕರಂತೆ. ಗೌಡರಿಗೆ ಮರ್ಯಾದೆ ಹೋದಂತಾಗಿ, ಆಳುಗಳನ್ನು ಇಳಿಸಿ ಸಾಲುಗಳ ಸಂದಿಯಲ್ಲೆಲ್ಲ ಹಿಡಿ ಹಿಡಿ ಸಸಿ ತುರುಕಿಸಿಬಿಟ್ಟರು. ಬಲಿತದ್ದೂ ಎಳೆಯದೂ ಒಂದಕ್ಕೊಂದು ಗುದ್ದಾಡಿ ಪೈರೆಲ್ಲ ಜೊಳ್ಳಾಯಿತು. ಆ ಮೈಕಿನಲ್ಲಿ ಕೂಗಿದ ದನಿ ನನ್ನದೇ ತಾನೇ.

ನಾಟಿಯವ್ವನ ಗದ್ದೆ ಇಪ್ಪತ್ತೆರಡನೇ ದಿನ ತಿರುಗಿಕೊಂಡಿತು. ಮೂರು ಸಸಿ ಬುಡದಲ್ಲಿ ಮರಿಯೊಡೆದು ಮೂವತ್ತು ತೆಂಡೆಯಾಯಿತು. ನಾನು ದಿನಾ ಬೆಳಿಗ್ಗೆ ಸೈಕಲ್ಲು ತುಳಿದುಕೊಂಡು ಹೋಗಿ ಬದುವಿನ ಮೇಲೆ ಕೂರುತ್ತಿದ್ದೆ. ಆದರೆ ಕಾಲುವೆ ಕಡೆಯ ಒಂದು ಮೂಲೆ ಚಿಗುರಲೇ ಇಲ್ಲ. ಏಡಿಗಳು ಕತ್ತರಿಸಿಹಾಕಿದ್ದವು. ಎರಡು ಚಾಪೆ ಹಾಸುವಷ್ಟು ಜಾಗ, ಬರೀ ಕೆಸರು. ಅವಳೂ ನೋಡಿದಳು, ನಾನೂ ನೋಡಿದೆ. "ನೀವು ಏಳಿದ್ದೇ ಆಯ್ತು" ಎಂದಳು. ಆ ಮಾತಿನಲ್ಲಿ ದೂರು ಇರಲಿಲ್ಲ.

ಕಟಾವು ಹತ್ತಿರವಾದಾಗ ಸಾಹೇಬರಿಗೆ ಈ ಗದ್ದೆಯ ವಾಸನೆ ಬಡಿಯಿತು. ಬಂದು ನೋಡಿದವರ ಮುಖ ಅರಳಿತು. ಮೂಲೆಗೆ ಬಂದಾಗ ಬಾಡಿತು.

"ಇದೇನ್ರೀ? ಫೋಟೋದಲ್ಲಿ ಇದು ಬರಬಾರದು. ನಾಡಿದ್ದು ಫೋಟೋಗ್ರಾಫರನ್ನು ಕರೆದುಕೊಂಡು ಬರ್ತೀನಿ. ಅಷ್ಟರೊಳಗೆ ತುಂಬಿಸಿಬಿಡಿ. ನಿಮಗೆ ಗೊತ್ತಲ್ಲ, ಹೋದ ವರ್ಷದ ಹಾಗೆ."

"ಇಲ್ಲ ಸಾರ್" ಎಂದೆ.

ಅವರಿಗೆ ಕೇಳಿಸಲಿಲ್ಲವೋ ಏನೋ. ಇನ್ನೊಂದು ಸಲ ಹೇಳಿದೆ. ಇಷ್ಟು ದೊಡ್ಡ ಗಂಟಲಿನವನು ಆ ಎರಡು ಪದವನ್ನು ಎಷ್ಟು ಸಣ್ಣ ದನಿಯಲ್ಲಿ ಹೇಳಿದೆನೆಂದರೆ ನನಗೇ ನಾಚಿಕೆಯಾಯಿತು.

"ನಿಮ್ಮದು ಇನ್ನೂ ಪ್ರೊಬೇಷನ್ನು ಕಣ್ರೀ, ನೆನಪಿರಲಿ" ಎಂದರು. ಅಷ್ಟರಲ್ಲಿ ಕಾಲುವೆ ಬದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದ ನಾಟಿಯವ್ವ ಬದುವಿಗೆ ಹತ್ತಿ ಬಂದು, ಸೆರಗು ಸರಿಮಾಡಿಕೊಂಡು ನಿಂತಳು.

"ಗದ್ದೆ ನಂದು ಸಾ. ಏಡಿ ತಿಂದಿದ್ದು ಏಡಿ ತಿಂದಂಗೇ ಇರ್ಲಿ. ನಂಗೆ ಇನ್ನೂ ಒಂದು ಆಸೆ ಅದೆ. ನಾನು ಅಳೆದ್ರೆ ಊರ್ನೋರು ನಂಬಾಕಿಲ್ಲ. ನೀವು ತೂಗಿದ್ರಂತೂ ಮೊದ್ಲೇ ನಂಬಾಕಿಲ್ಲ. ಊರ ಯಜಮಾನ್ರು ಊರ ಕೊಳಗ ತಂದು ನನ್ ಕಣದಾಗೆ ಅಳೀಬೇಕು."

ಇದು ಸಣ್ಣ ಮಾತಾಗಿರಲಿಲ್ಲ. ಆ ಊರಿನ ರಾಶಿಗಳನ್ನೆಲ್ಲ ಅಳೆಯುತ್ತಿದ್ದವರು ಒಬ್ಬರೇ ಯಜಮಾನರು, ಅವರ ಅಪ್ಪನ ಕಾಲದಿಂದಲೂ ಅವರ ಮನೆಯ ಹಿತ್ತಾಳೆ ಕಟ್ಟಿನ ಕೊಳಗವೇ ಊರಿನ ಅಳತೆ. ಆ ಕೊಳಗ ಕೇರಿಯವರ ಕಣಕ್ಕೆ ಇಳಿದದ್ದನ್ನು ಕಂಡವರಿಲ್ಲ. ನಾನು ಯಜಮಾನರ ಜಗಲಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೋದ ವರ್ಷದ ಕಳ್ಳನಾಟಿಯನ್ನೂ, ಈ ವರ್ಷದ ಮೂಲೆಯನ್ನೂ ಹೇಳಿದೆ. ಅವರು ಎದ್ದುಹೋಗಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದರು. ಆಮೇಲೆ, "ಆ ಕಳ್ಳನಾಟಿ ದಿವ್ಸ ನಾನೂ ಚಪ್ಪಾಳೆ ತಟ್ಟಿದ್ದೆ ಕಣಪ್ಪ. ಅದರ ಪಾಪ ಕಳ್ಕಬೇಕು. ಬತ್ತೀನಿ" ಎಂದರು.

ಅಳತೆಯ ದಿನ ಊರಿಗೆ ಊರೇ ಕೇರಿಯ ಆಚೆಯ ಆ ಪುಟ್ಟ ಕಣದ ಸುತ್ತ ನಿಂತಿತ್ತು. ಪಕ್ಕದ ಹಳ್ಳಿಯ ಗೌಡರೂ ಬಂದು ಹಿಂದೆ ನಿಂತಿದ್ದರು. ಸಗಣಿ ಸಾರಿಸಿದ ನೆಲದ ಮೇಲೆ ಎರಡು ರಾಶಿ, ಒಂದೊಂದರ ತುದಿಯಲ್ಲಿ ಗರಿಕೆ ಸಿಕ್ಕಿಸಿದ ಸಗಣಿ ಬೆನಕ. ಯಜಮಾನರು ಕಣದ ಅಂಚಿನಲ್ಲಿ ಮೆಟ್ಟು ಬಿಟ್ಟು ಒಳಗೆ ಬಂದರು. ಸಾಹೇಬರೂ ಜೀಪು ಇಳಿದು ಬಂದರು. ಯಾರೋ ಅವರ ಬೂಟಿನ ಕಡೆ ನೋಡಿದರು. ಸಾಹೇಬರು ಬಗ್ಗಿ ಲೇಸು ಬಿಚ್ಚತೊಡಗಿದರು. ಅಷ್ಟೊಂದು ಜನದ ಎದುರು ಅವರು ಬಗ್ಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೊದಲು ಹಳೆಯ ಕ್ರಮದ ರಾಶಿ. ನಮ್ಮ ಕಡೆ ಕಣದಲ್ಲಿ ಎಣಿಕೆ ಒಂದರಿಂದ ಶುರುವಾಗುವುದಿಲ್ಲ. ಮೊದಲ ಕೊಳಗಕ್ಕೆ ಲಾಭ ಎನ್ನಬೇಕು. ಎರಡನೆಯದು ತುಂಬುವವರೆಗೂ ಅಳೆಯುವವನು ಅದನ್ನೇ ಹೇಳುತ್ತಿರಬೇಕು, ಬೇರೆ ಯಾರೂ ತುಟಿ ಪಿಟಕ್ಕೆನ್ನಬಾರದು. "ಲಾಭ... ಲಾಭ... ಲಾಭ..." ಯಜಮಾನರ ದನಿ ಶುರುವಾಯಿತು. "ಎರಡು... ಎರಡು... ಎರಡು..."

ಹಿಂದಿನಿಂದ ಮೈಕು ಗೊರಗೊರ ಎಂದಿತು. "ರೈತ ಬಾಂಧವರೇ, ಈ ಶುಭ ಸಂದರ್ಭದಲ್ಲಿ..." ಸಾಹೇಬರು ಯಾವ ಮಾಯದಲ್ಲೋ ಜೀಪಿನ ಹತ್ತಿರ ಹೋಗಿ ತಾವೇ ಶುರುಮಾಡಿದ್ದರು.

ಯಜಮಾನರು ತುಂಬಿದ ಕೊಳಗವನ್ನು ಎತ್ತಿ ಹಿಡಿದು ಹಾಗೆಯೇ ನಿಂತರು. ಬಯ್ಯಲಿಲ್ಲ, ತಿರುಗಿ ನೋಡಲಿಲ್ಲ. "ಎರಡು... ಎರಡು... ಎರಡು..." ಎಂದು ಹೇಳುತ್ತಲೇ ನಿಂತರು. ಇಡೀ ಊರು ತಿರುಗಿ ಜೀಪಿನ ಕಡೆ ನೋಡಿತು. ಸಾಹೇಬರು ಇನ್ನೊಂದು ವಾಕ್ಯ ಹೇಳಿದರು, ಅರ್ಧ ವಾಕ್ಯ ಹೇಳಿದರು. ಕೊನೆಗೆ ಡ್ರೈವರನೇ ಕೈ ಚಾಚಿ ಮೈಕು ಆರಿಸಿಬಿಟ್ಟ. ಯಜಮಾನರ ಕೊಳಗ ಕೆಳಗಿಳಿಯಿತು. "ಮೂರು..."

ಹಳೆಯ ರಾಶಿ ಹದಿಮೂರಕ್ಕೆ ನಿಂತಿತು. ಒಳ್ಳೆಯ ಬೆಳೆಯೇ. ಹೊಸ ರಾಶಿಗೆ ಮತ್ತೆ ಲಾಭದಿಂದ ಹಿಡಿದರು. ನಾಟಿಯವ್ವ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ತುಂಬು ಬಸುರಿ ಮಗಳು ಆಗಲೇ ತವರಿಗೆ ಬಂದಿದ್ದು, ಹುಣಸೆ ಮರದ ನೆರಳಲ್ಲಿ ಕಾಲು ನೀಡಿ ಕುಳಿತಿದ್ದಳು. ಹತ್ತು, ಹನ್ನೊಂದು, ಹನ್ನೆರಡು. ನನ್ನ ಕಣ್ಣು ರಾಶಿಯ ಮೇಲೆಯೇ ಇತ್ತು. ಆ ಮೂಲೆ ಹೋಗಿದೆಯಲ್ಲ, ಎಲ್ಲಿ ಸಾಲದೆ ಬೀಳುತ್ತದೋ ಎಂದು ಮೈಯೆಲ್ಲ ಬೆವರಿತ್ತು. ಹದಿಮೂರು. ರಾಶಿ ಇನ್ನೂ ಮೊಣಕಾಲೆತ್ತರ ಉಳಿದಿತ್ತು. "ಹದಿನಾಲ್ಕು" ಎಂದಾಗ ಕಣದ ಸುತ್ತ ಒಂದು ಉಸಿರು ಎದ್ದಿತು, ಮಾತಿಲ್ಲ. ಹದಿನೈದು. ಹದಿನಾರು. ಯಜಮಾನರ ದನಿಯೂ ಏರತೊಡಗಿತ್ತು. ಹದಿನೆಂಟಕ್ಕೆ ನಿಂತಿತು, ಮೇಲೆ ಅರ್ಧ ಕೊಳಗ. ನನಗೆ ಅಳು ಬಂದುಬಿಟ್ಟಿತು. ಮರೆಮಾಡಲೂ ಇಲ್ಲ. ನಾವು ಗೆದ್ದಿದ್ದೆವು. ಏಡಿಗೆ ಅದರ ಪಾಲು ಕೊಟ್ಟೂ ಗೆದ್ದಿದ್ದೆವು.

ಅವತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನ ಒಬ್ಬೊಬ್ಬರಾಗಿ ರಾಶಿಯ ಹತ್ತಿರ ಬಂದು, ಒಂದು ಹಿಡಿ ಭತ್ತ ಎತ್ತಿ ಅಂಗೈಯಲ್ಲಿ ಉಜ್ಜಿ, ಊದಿ, ಕಾಳು ಕಚ್ಚಿ ನೋಡತೊಡಗಿದರು. ಸಾಹೇಬರಿಗೆ ಜೀವ ಬಂದಂತಾಗಿ, ಉದ್ದನೆಯ ವೈರಿನ ಮೈಕನ್ನು ನಾಟಿಯವ್ವನ ಬಾಯಿಗೆ ಹಿಡಿದರು. "ಎರಡು ಮಾತು ಹೇಳಮ್ಮ. ಜಪಾನ್ ಪದ್ಧತಿಯಿಂದ ನನ್ನ ಬಾಳು ಬೆಳಗಿತು ಅನ್ನು."

ಅವಳು ಮೈಕನ್ನು ಒಂದು ಸಲ ತಿರುಗಿಸಿ ನೋಡಿ ವಾಪಸು ಕೊಟ್ಟಳು. "ಬ್ಯಾಡಿ ಸಾ. ಇದ್ರಾಗೆ ನಾನು ಮಾತಾಡಿದ್ರೆ, ಅವ್ರು ಏನಂದ್ರು ಅಂತ ನಂಗೆ ಕೇಳ್ಸಾಕಿಲ್ಲ."

ಹಾಗೆಂದವಳು ನೇರವಾಗಿ ಪಕ್ಕದ ಹಳ್ಳಿಯ ಗೌಡರ ಎದುರು ಹೋಗಿ ನಿಂತಳು. ಅವರು ಮೆಲ್ಲಗೆ, "ಏಡಿಗೆ ಏನು ಮಾಡ್ದೆ?" ಎಂದರು. "ಏನೂ ಮಾಡಾಕಾಗ್ಲಿಲ್ಲ ಕಣ್ರಪ್ಪ. ಮೂಲೆ ಓಯ್ತು. ಬನ್ನಿ, ತೋರುಸ್ತೀನಿ" ಎಂದು ಅವರನ್ನು ಗದ್ದೆಗೆ ಕರೆದುಕೊಂಡು ಹೊರಟಳು. ಅವರ ಹಿಂದೆ ಇಪ್ಪತ್ತು ಜನ ಹೊರಟರು. ಬೋರ್ಡು, ಬಣ್ಣದ ಚಿತ್ರ, ನನ್ನ ಗಂಟಲು, ಯಾವುದೂ ಒಪ್ಪಿಸಲಾಗದವರನ್ನು ಆ ಬೋಳು ಮೂಲೆ ಒಪ್ಪಿಸಿತು. ಮೂಲೆ ಸುಳ್ಳು ಹೇಳಿಲ್ಲ ಎಂದಮೇಲೆ ಹದಿನೆಂಟೂವರೆಯೂ ಸುಳ್ಳಲ್ಲ ಎಂದು ಅವರು ತಾವೇ ಲೆಕ್ಕ ಹಾಕಿಕೊಂಡರು. ಗದ್ದೆಯಿಂದ ವಾಪಸು ಬಂದ ನಾಟಿಯವ್ವ ಲಾಭ ಎಂದು ಎಣಿಸಿದ ಮೊದಲ ಕೊಳಗವನ್ನು ಮಾತ್ರ ಬೇರೆಯಾಗಿ ತೆಗೆಸಿ ಮಗಳ ಹೆಸರಿಗೆ ಮಡಕೆಗೆ ತುಂಬಿಸಿದಳು. ಯಜಮಾನರು ತಮ್ಮ ಕೈಯಾರೆ ಅದನ್ನು ಅಳೆದು ಸುರಿದರು.

ಮುಂದೆ ಅರವತ್ತರ ದಶಕದಲ್ಲಿ ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಕೆರೆ ಕೆಳಗಿನ ಗದ್ದೆಯವರು, ತೆಂಗಿನ ತೋಟದವರು, ಎಲ್ಲರೊಂದಿಗೂ ಹೆಣಗಿದೆ. ಪ್ರಚಾರ ಎಂದರೇನು, ಒಪ್ಪಿಸುವುದು ಎಂದರೇನು ಎಂದು ನನ್ನ ಕೈಕೆಳಗೆ ಬಂದ ಹೊಸ ಹುಡುಗರು ಕೇಳಿದರೆ ದೊಡ್ಡ ವ್ಯಾಖ್ಯಾನ ಕೊಡಲು ಹೋಗುತ್ತಿರಲಿಲ್ಲ. ಜೋರಾಗಿ ಹೇಳುವುದು ತಪ್ಪಲ್ಲ, ಹಾಡಿ ಹೇಳುವುದೂ ತಪ್ಪಲ್ಲ. ಹರಿಕಥೆಯವನೂ ಜೋರಾಗಿಯೇ ಹೇಳುತ್ತಾನೆ. ಕೇಳುವವನು ತಿರುಗಿ ಕೇಳಲು ಜಾಗ ಬಿಟ್ಟಿದ್ದೀಯಾ, ಅಳತೆಯ ಕೊಳಗವನ್ನು ಅವನ ಕೈಗೆ ಕೊಟ್ಟಿದ್ದೀಯಾ, ಅಷ್ಟು ನೋಡಿಕೋ ಎನ್ನುತ್ತಿದ್ದೆ. ಹುಡುಗರು ತಲೆಯಾಡಿಸುತ್ತಿದ್ದರು. ಅರ್ಥವಾಯಿತೋ ಇಲ್ಲವೋ, ಅವರವರ ಏಡಿ ಅವರವರಿಗೆ ಕಲಿಸಿರಬೇಕು.

ಆದರೆ ಹೇಳಬೇಕಾದದ್ದು ಕಣದ ಮರುವರ್ಷದ ಮಾತು. ನಾಟಿ ಶುರುವಾಗುವ ಹೊತ್ತಿಗೆ ಹಾಸನದಲ್ಲಿ ಒಂದು ಸಭೆ ಮಾಡಿ ನನಗೆ ಸರ್ಟಿಫಿಕೇಟು ಕೊಟ್ಟರು. ಪ್ರೊಬೇಷನ್ನಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ದಪ್ಪ ಕಾಗದ, ಸುತ್ತ ಹೂಬಳ್ಳಿ, ನಡುವೆ ನನ್ನ ಹೆಸರು. ಸಾಹೇಬರ ವರದಿಯ ಫಲ. ಸಾಹೇಬರು ಫೋಟೋವನ್ನು ಮೂಲೆ ಕಾಣದ ಹಾಗೆ ಇನ್ನೊಂದು ಬದಿಯಿಂದ ತೆಗೆಸಿದ್ದರು. ನಾನಂತೂ ಹಿಗ್ಗಿ ಹೀರೇಕಾಯಿಯಾಗಿ, ಅದನ್ನು ಸುರುಳಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಬಯಲಿಗೆ ಹೋದೆ.

ಕಾಲುವೆ ಏರಿ ಹತ್ತಿದವನು ಹಾಗೇ ನಿಂತುಬಿಟ್ಟೆ. ಕಣ್ಣು ಹಾಯುವಷ್ಟು ದೂರ ಹಗ್ಗಗಳು. ಕೆಂಪು ಚೂರು ಕಟ್ಟಿದ ಹಗ್ಗ, ಹಳದಿ ಚೂರು ಕಟ್ಟಿದ ಹಗ್ಗ, ಬಟ್ಟೆ ಸಿಗದವರು ಬಾಳೆನಾರು ಸುತ್ತಿದ ಹಗ್ಗ. ಪಕ್ಕದ ಹಳ್ಳಿಯ ಗೌಡರ ಗದ್ದೆಯಲ್ಲೂ ಹಗ್ಗ. ನಾನು ಯಾರ ಮನೆ ಬಾಗಿಲಿಗೂ ಹೋಗಿರಲಿಲ್ಲ. ಹೆಂಗಸರು ಸಾಲಾಗಿ ಬಗ್ಗಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ಹಾಡುತ್ತಿದ್ದರು. ಮೊದಲ ಗದ್ದೆಯಲ್ಲಿ ಸೊಲ್ಲು ಎತ್ತಿಕೊಡುತ್ತಿದ್ದವಳು ನಾಟಿಯವ್ವ. ಬದುವಿನ ಮೇಲೆ, ಮರದ ಕೊಂಬೆಗೆ ಕಟ್ಟಿದ ತೊಟ್ಟಿಲಲ್ಲಿ ಅವಳ ಮೊಮ್ಮಗಳು ಕೈಕಾಲು ಆಡಿಸುತ್ತಿದ್ದಳು.

ನನ್ನನ್ನು ಕಂಡು ಅವಳು ಸೊಂಟ ನೆಟ್ಟಗೆ ಮಾಡಿ ಬಂದಳು. ಸರ್ಟಿಫಿಕೇಟು ಬಿಚ್ಚಿ ತೋರಿಸಿದೆ. ಓದಿ ಹೇಳಿ ಎಂದಳು. ಓದಿದೆ. ಜಪಾನ್ ಪದ್ಧತಿಯ ಅಮೋಘ ಯಶಸ್ಸು, ಅದ್ಭುತ ಇಳುವರಿ, ಎಲ್ಲವೂ ಇತ್ತು. ಕೆಸರು ಕೈಯನ್ನು ಹಿಂದೆ ಕಟ್ಟಿಕೊಂಡು ಗಮನವಿಟ್ಟು ಕೇಳಿಸಿಕೊಂಡಳು.

"ಇದ್ರಾಗೆ ಏಡಿ ವಿಷ್ಯ ಬರ್ದವ್ರಾ ಸಾ?"

"ಇಲ್ಲ ಅವ್ವ."

"ಅಂಗಾರೆ ಇದು ನನ್ ಗದ್ದೇದಲ್ಲ ಬುಡಿ. ಆ ರಸ್ತೆ ಪಕ್ಕದ ತಾಕಿಂದು" ಎಂದು ಅವಳು ಹಗ್ಗದ ತುದಿಯನ್ನು ನನ್ನ ಕೈಗಿತ್ತಳು. "ನಾದಿನಿ ಊಟಕ್ಕೆ ಓಗವ್ಳೆ. ಬಿಗಿಯಾಗಿ ಇಡ್ಕಳಿ."

ಸರ್ಟಿಫಿಕೇಟನ್ನು ಸೈಕಲ್ಲಿನ ಹಿಂದೆ ಸಿಕ್ಕಿಸಿ, ಪಂಚೆ ಎತ್ತಿ ಕಟ್ಟಿಕೊಂಡು ಗದ್ದೆಗಿಳಿದೆ. ಹೆಂಗಸರು ಹಾಡಿನ ಸೊಲ್ಲು ಎತ್ತಿದರು. ನಾನೂ ಹಾಡಿದೆ, ಅವರ ದನಿ ನನಗೆ ಕೇಳಿಸುವಷ್ಟು ಮೆಲ್ಲಗೆ.